ಸದ್ದಡಗಿಸಿದ ಎಣ್ಣೆ

ವರ್ಕ್‌ಶಾಪಿನ ಹಿಂದಿನ ಕೋಣೆ
ಜನವರಿ ಹದಿನೈದು, ಗುರುವಾರ ಮಧ್ಯಾಹ್ನ

ಪ್ರೀತಿಯ ಸೊಸೆಗೆ, ಅಲ್ಲ, ಮಗಳಿಗೆ,

ನಿನ್ನ ಮಾವನ ಆಶೀರ್ವಾದಗಳು. ಹೇಗಿದ್ದೀಯಮ್ಮ? ಆ ಬೆಟ್ಟದೂರಿನ ಚಳಿಗೆ ನಿನ್ನ ಕೆಮ್ಮು ಮತ್ತೆ ತಲೆ ಎತ್ತಿಲ್ಲವಷ್ಟೆ? ನಿಮ್ಮಮ್ಮ ಈಗ ಮೆಟ್ಟಿಲು ಹತ್ತುತ್ತಾರೆಯೇ? ಇಲ್ಲಿ ನಿನ್ನ ಅತ್ತೆ ಚೆನ್ನಾಗಿದ್ದಾಳೆ. ನನ್ನನ್ನು ಬೈಯುವ ಶಕ್ತಿ ಇರುವವರೆಗೆ ಅವಳಿಗೇನೂ ಆಗುವುದಿಲ್ಲ. ನನಗೆ ಮಾತ್ರ ಉಂಡದ್ದು ಅರಗುತ್ತಿಲ್ಲ. ಕಾರಣ ಹೊಟ್ಟೆಯಲ್ಲಿಲ್ಲ.

ಎಲೈ ಸೊಸೆಯೇ, ಕೇಳುವಂಥವಳಾಗು! (ನೋಡು, ತಪ್ಪೊಪ್ಪಿಕೊಳ್ಳುವಾಗಲೂ ಈ ಹಾಳು ನಾಟಕದ ನಾಲಗೆ ರಾಜನ ಪಾರ್ಟನ್ನೇ ಹಿಡಿಯುತ್ತದೆ.) ಬ್ರೆಡ್ಡಿನವನ ವ್ಯಾನಿಗೆ ಮಂದ ಆಯಿಲ್ ಹಾಕಿದವನು ನಾನು. ನೀನು ಗಾಡಿಯ ಕಂಪನಿ ಹೇಳಿದ ಎಪ್ಪತ್ತೈದು-ತೊಂಬತ್ತು ನಂಬರಿನ ತೆಳು ಆಯಿಲನ್ನೇ ಅಳೆದು ತುಂಬಿದ್ದೆ. ಗೇರ್‌ಬಾಕ್ಸಿನ ಬೇರಿಂಗ್ ಸವೆದಿದೆ, ಕೊಯ್ಯೆನ್ನುವ ಸದ್ದು ಅದರದು, ಬದಲಾಯಿಸಲೇಬೇಕು ಎಂದೂ ನೀನೇ ಅವನಿಗೆ ಹೇಳಿದ್ದೆ. ನನಗೆ ತಡೆಯಲಾಗಲಿಲ್ಲ. ನೀರಿನಂತೆ ಜಾರುವುದೂ ಒಂದು ಎಣ್ಣೆಯೇ? ನೀನು ಊಟಕ್ಕೆ ಎದ್ದದ್ದೇ ತಡ, ವ್ಯಾನಿನ ಕೆಳಗೆ ನುಸುಳಿ ಅದನ್ನೆಲ್ಲ ಬಸಿದು, ಹಳೆಯ ಲಾರಿಗಳಿಗೆ ಹಾಕುತ್ತಿದ್ದ ನೂರನಲವತ್ತು ನಂಬರಿನ ಮಂದ ಆಯಿಲನ್ನು ತುಂಬಿದೆ. ಸದ್ದು ಅಡಗಿತು. ಆಹಾ, ನನ್ನ ಎದೆ ಉಬ್ಬಿದ್ದಕ್ಕೆ ಅಂಗಿಯ ಗುಂಡಿಗಳು ಹೇಗೆ ಉಳಿದವೋ! “ಮಾವ, ಮಂದ ಆಯಿಲ್ ಸದ್ದನ್ನ ಮುಚ್ಚತ್ತೆ ಅಷ್ಟೆ, ಸವೆದದ್ದನ್ನ ವಾಸಿ ಮಾಡಲ್ಲ. ಚಳಿಗೆ ಗಟ್ಟಿಯಾದ್ರೆ ಗೇರ್ ಕೂಡಿಸೋ ಹಿತ್ತಾಳೆ ಉಂಗುರಕ್ಕೆ ಹಿಡಿತವೇ ಸಿಗಲ್ಲ” ಎಂದು ನೀನು ಎಷ್ಟು ಸಲ ಹೇಳಿದ್ದೆ! “ನೀನು ಹುಟ್ಟೋಕೆ ಮುಂಚೆ ಗೇರ್‌ಬಾಕ್ಸ್ ಬಿಚ್ಚಿದವನು ನಾನು” ಎಂದು ನಾನು ಗುಡುಗಿದ್ದೆ.

ಮರುದಿನ ನಸುಕಿನ ಕೊರೆಯುವ ಚಳಿಯಲ್ಲಿ ವ್ಯಾನು ಎರಡನೇ ಗೇರಿಗೆ ಬೀಳಲೇ ಇಲ್ಲ. ಅವನು ಜಗ್ಗಿ ಜಗ್ಗಿ ಆ ಉಂಗುರವನ್ನೇ ಸವೆಸಿಹಾಕಿದ. ಬಂದವನು ಬಾಗಿಲಲ್ಲೇ ನಿಂತು “ಆ ಹೆಂಗಸಿನ ಕೈಗೆ ಗಾಡಿ ಕೊಟ್ಟಿದ್ದೇ ನನ್ನ ತಪ್ಪು” ಎಂದು ಕಿರುಚಿದ. ನನ್ನ ಮಗ, ನಿನ್ನ ಗಂಡ, ಹಿಂದುಮುಂದು ನೋಡದೆ “ಇನ್ಮೇಲೆ ನೀನು ಸ್ಪ್ಯಾನರ್ ಮುಟ್ಬೇಡ” ಅಂದುಬಿಟ್ಟ. ನೀನು “ನಾನು ಹಾಕಿದ್ದು ತೊಂಬತ್ತೇ” ಅಂದೆ. ಒಂದೇ ಸಲ ಅಂದೆ. ಆಮೇಲೆ ನನ್ನ ಕಡೆ ನೋಡಿದೆ. ಮೈಕಿಲ್ಲದೆ ಕೊನೆಯ ಸಾಲಿನವರಿಗೂ ಮುಟ್ಟುತ್ತಿದ್ದ ಗಂಟಲು ನನ್ನದು, ಮಗಳೇ! ಆ ಹೊತ್ತಿನಲ್ಲಿ ನಾನು ಮಾಡಿದ್ದೇನು? ಕೈಯೊರೆಸುವ ಬಟ್ಟೆಯನ್ನು ಮಡಿಸುತ್ತ ನಿಂತೆ. ಎಂದೂ ಮಡಿಸದ ಬಟ್ಟೆ ಅದು. ಸಂಜೆಗೆ ನೀನು ಮನೆಯ ಕಾರು ತೆಗೆದುಕೊಂಡು ತವರಿಗೆ ಹೊರಟುಹೋದೆ.

ನಿನ್ನೆ ಬ್ರೆಡ್ಡಿನವನನ್ನು ಕರೆಸಿ, ನಿನ್ನ ಗಂಡನ ಎದುರಿನಲ್ಲೇ ಎಲ್ಲವನ್ನೂ ಹೇಳಿದೆ. ರಾಜನ ದನಿ ಬರಲಿಲ್ಲ. ಎರಡು ಸಲ “ಜೋರಾಗಿ ಹೇಳಿ” ಅನ್ನಿಸಿಕೊಂಡೆ. ನಿನ್ನ ಗಂಡ ನನ್ನ ಮುಖ ನೋಡುತ್ತಿಲ್ಲ. ನೋಡಬೇಕಾಗಿಯೂ ಇಲ್ಲ. ನಿನ್ನ ಕ್ಷಮೆ ಕೇಳಲು ಭಾನುವಾರ ಅಲ್ಲಿಗೆ ಬರುತ್ತಾನೆ. ನೀನು ಅವನ ಜೊತೆ ಹೊರಡಲೇಬೇಕೆಂದು ಹೇಳುವ ಬಾಯಿ ನನಗಿಲ್ಲ. ನಿನ್ನ ಅತ್ತೆಯಂತೂ “ಊರಿಗೆಲ್ಲ ಕೇಳೋ ಹಾಗೆ ಕೂಗ್ತೀರಿ, ಬೇಕಾದಾಗ ಬಾಯಿಗೆ ಬೀಗ” ಎಂದು ದಿನಕ್ಕೆರಡು ಸಲ ಮಂಗಳಾರತಿ ಎತ್ತುತ್ತಿದ್ದಾಳೆ.

ನಿಮ್ಮ ತಂದೆತಾಯಿಗೆ ನನ್ನ ನಮಸ್ಕಾರ ಹೇಳು. ನೀನು ನೂರು ಕಾಲ ಚೆನ್ನಾಗಿ ಬಾಳು.

ನಿನ್ನ ಮಾವ

ತಾ.ಕ.: ಅಂಚೆಯವನು ಬರುವ ಹೊತ್ತು, ಅವಸರದಲ್ಲಿ ಬರೆಯುತ್ತಿದ್ದೇನೆ. ನೀನು ತೆಗೆದುಕೊಂಡು ಹೋದ ಕಾರಿಗೂ ಅದೇ ವಾರ, ನನ್ನ ಮಾತೇ ಸರಿಯೆಂದು ತೋರಿಸಲು, ಅದೇ ಮಂದ ಆಯಿಲ್ ಹಾಕಿದ್ದೇನೆ. ಇದನ್ನು ನಿನ್ನೆಯೂ ಹೇಳಲಾಗಲಿಲ್ಲ, ಫೋನಿನಲ್ಲಿ ಹೇಳಲೂ ಬಾಯಿ ಬರಲಿಲ್ಲ. ಇಳಿಜಾರಿನಲ್ಲಿ ಗೇರ್ ಬೀಳದಿದ್ದೀತು, ಕಾರನ್ನು ಅಲ್ಲಿಗೆ ಒಯ್ಯಬೇಡ. ಮೊದಲು ಬಸಿದು ತೊಂಬತ್ತನ್ನು ಹಾಕು. ಆದರೆ ಮೊದಲ ಮುಂಜಾನೆಯೇ ಗೇರ್ ಹಾಕುವ ನಿನ್ನ ಕೈಗೆ ಅದು ತಿಳಿದಿರಬೇಕಲ್ಲವೇ? ಮೊನ್ನೆ ಫೋನಿನಲ್ಲಿ ಅತ್ತೆ “ಕಾರು ಹೇಗಿದೆ” ಅಂದಾಗ, ನನ್ನನ್ನು ಬಿಟ್ಟುಕೊಡದೆ “ಚೆನ್ನಾಗಿದೆ ಅತ್ತೆ” ಅಂದೆಯಂತೆ.