ತಲೆಯ ಹಿಂದೆ ನಿಲ್ಲುವ ಕೆಲಸ

೨೯ ನವೆಂಬರ್ ೧೯೬೪, ರವಿವಾರ

ಅಂಗಳ ಕಸ, ನೀರು, ಒಲೆ. ಅಷ್ಟರಲ್ಲಿ ಹಿತ್ತಲಿನಿಂದ ಕಬ್ಬಿಣದ ಸದ್ದು. ಇವರು ಶುರು ಮಾಡಿದರು. ಸೊಲ್ಲಾಪುರದ ವ್ಯಾಯಾಮ ಶಾಲೆಯಲ್ಲಿ ನೋಡಿ ಬಂದ ಪದ್ಧತಿ. ಬೆಂಚಿನ ಮೇಲೆ ಅಂಗಾತ ಮಲಗುವುದು, ಎರಡೂ ತುದಿಗೆ ಕಬ್ಬಿಣದ ಬಿಲ್ಲೆ ಏರಿಸಿದ ಸಲಾಕೆಯನ್ನು ಎದೆಗೆ ಇಳಿಸಿ ಮತ್ತೆ ಮೇಲಕ್ಕೆ ನೂಕುವುದು. ಜೋರಾಪುರ ಪೇಟೆಯ ತಾಲೀಮಿನಲ್ಲಿ ಪೈಲ್ವಾನರು ನಗುತ್ತಾರಂತೆ — "ಗುರಲಿಂಗಪ್ಪ ಮಲಕೊಂಡ ಪೈಲ್ವಾನಕಿ ಮಾಡ್ತಾನ."

ತಲೆಯ ಹಿಂದೆ ಇಸ್ಮಾಯಿಲಣ್ಣ ನಿಂತಿರುತ್ತಾನೆ. ಬಂಡಿ ಗಾಲಿಗೆ ಕಬ್ಬಿಣದ ಪಟ್ಟಿ ಕಾಯಿಸಿ ಬಿಗಿಯುವವನು, ಇವರ ಬಾಲ್ಯದ ಗೆಳೆಯ. ಸಲಾಕೆ ಮಾಡಿಕೊಟ್ಟವನೂ ಅವನೇ. ಏನೂ ಮಾಡುವುದಿಲ್ಲ, ಸುಮ್ಮನೆ ನಿಂತಿರುತ್ತಾನೆ. ಅದಕ್ಕೂ ಒಬ್ಬ ಆಳು ಬೇಕೆ?

ಮದುವೆಯಾಗಿ ವರ್ಷವಾಯಿತು. ಇವರು ನನ್ನೊಡನೆ ಆಡುವ ಮಾತು — ಉಪ್ಪು, ನೀರು, ಅಂಗಡಿಯ ಕೀಲಿ. ಮುಗಿಯಿತು.

೮ ಡಿಸೆಂಬರ್

ಇಸ್ಮಾಯಿಲಣ್ಣನ ಬಲಗೈ ಸುಟ್ಟಿದೆ. ಕಾದ ಪಟ್ಟಿ ಜಾರಿತಂತೆ. ಜನವರಿ ಇಪ್ಪತ್ತಾರಕ್ಕೆ ತಿಕೋಟಾದ ಮೈದಾನದಲ್ಲಿ ಇವರು ನೂರು ಕಿಲೋ ಎತ್ತಿ ತೋರಿಸಬೇಕು. ಒಪ್ಪಿಕೊಂಡಾಗಿದೆ.

ಇಂದು ತಾಲೀಮಿನ ರಾಯಪ್ಪ ಬದಲಿಗೆ ಬಂದಿದ್ದ. ಮಾತೇ ಮಾತು. ಸಲಾಕೆ ಅರ್ಧದಲ್ಲಿದ್ದಾಗ ದಾರಿಯಲ್ಲಿ ಹೋಗುವ ಯಾರಿಗೋ ನಮಸ್ಕಾರ ಹೇಳಲು ತಿರುಗಿದ. ಸಲಾಕೆ ವಾಲಿತು... ಕುತ್ತಿಗೆಯ ಕಡೆ. ಬಾಗಿಲಲ್ಲಿದ್ದ ನಾನು ಕಿರುಚಿದೆ. ಆಗ ಹಿಡಿದ.

ಇವರು ಎದ್ದು ಕೂತು ಬೆವರು ಒರೆಸಿಕೊಂಡರು. ರಾಯಪ್ಪ ಹೋದ ಮೇಲೆ ನನ್ನತ್ತ ನೋಡಿದರು.

"ನಾಳಿಂದ ನೀ ನಿಲ್ತೀ?"

ನಾನೇ!

೯ ಡಿಸೆಂಬರ್

ಅತ್ತೆ ಒಪ್ಪಲಿಲ್ಲ. "ಗಂಡನ ತಲೀ ಕಡೆ ಕೈ ಚಾಚಕೊಂಡ ನಿಲ್ಲೂದು ಯಾವ ರೀತಿ ಬೇ ಇದು?" ಇವರು ಹೋಗಿ ಬೆಂಚಿನ ಮೇಲೆ ಮಲಗಿದರು.

ಇಸ್ಮಾಯಿಲಣ್ಣ ಕೈಗೆ ಬಟ್ಟೆ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತು ಹೇಳಿಕೊಟ್ಟ.

"ವೈನಿ, ಅಣ್ಣನ ಮುಖಾ ನೋಡಬ್ಯಾಡ್ರಿ. ಮುಖಾ ನೋಡಿದ್ರ ಕರುಳು ಚುರ್ ಅಂತದ, ಕೈ ತಾನಾ ಮುಂದ ಹೋಗ್ತದ. ಸಲಾಕಿ ನೋಡ್ರಿ. ಮಾತಾಡಬ್ಯಾಡ್ರಿ."

"ಹಿಡಿಯೂದು ಯಾವಾಗ?"

"ಅಂವ ಕೇಳಿದಾಗ. ಇಲ್ಲಾ ಸಲಾಕಿ ಹೊಳ್ಳಿ ಇಳ್ಯಾಕ ಹತ್ತಿದಾಗ. ನಡುವ ನಿಂತ್ರ ಬಿಡ್ರಿ. ನಿಂತದ್ದು ಏರತದ. ಭಾರ ಅವಂದು, ವೈನಿ. ಅಂಜಿಕಿ ಅಷ್ಟ ನಮ್ಮದು."

ನಿಂತೆ. ಕಾಲು ಅಗಲಿಸಿ, ಸೆರಗು ಸಿಕ್ಕಿಸಿ. ಸಲಾಕೆ ಮೇಲೆದ್ದಿತು. ಇವರು ಕಣ್ಣು ಮುಚ್ಚಿದರು.

ಕಣ್ಣು ಮುಚ್ಚಿದರು! ಒಂದು ವರ್ಷದಲ್ಲಿ ನನ್ನೆದುರು ಹೀಗೆ ಕಣ್ಣು ಮುಚ್ಚಿದ್ದು ನೋಡಿರಲಿಲ್ಲ. ಅಷ್ಟು ಕಬ್ಬಿಣದ ಕೆಳಗೆ ತಮ್ಮ ಕುತ್ತಿಗೆಯನ್ನು ನನ್ನ ಕೈಗೆ ಬಿಟ್ಟು... ಗುಡಿಯಲ್ಲಿ ನಿಂತಾಗಲೂ ಮೈ ಹೀಗೆ ಜುಮ್ಮೆಂದಿಲ್ಲ.

೧೧ ಡಿಸೆಂಬರ್

ತಪ್ಪು ಮಾಡಿದೆ. ಸಲಾಕೆ ನಡುವೆ ನಿಂತಿತು. ಮುಖ ನೋಡಿಬಿಟ್ಟೆ. ಕಪ್ಪಿಟ್ಟಿತ್ತು. ಹಿಡಿದು ಮೇಲೆತ್ತಿದೆ.

"ಮುಟ್ಟಿದಿ," ಅಂದರು ಎದ್ದು ಕೂತು. ಸಿಟ್ಟಲ್ಲ, ಬ್ಯಾಸರ. "ಏರಾಕತ್ತಿತ್ತು ಅದು. ನೀ ಮುಟ್ಟಿದಿ, ನಂದಾಗಲಿಲ್ಲ."

ಅಂಗಡಿಗೆ ಹೋಗುವಾಗ ಕೀಲಿ ಕೇಳಲಿಲ್ಲ. ತಾವೇ ತೆಗೆದುಕೊಂಡರು.

೧೨ ಡಿಸೆಂಬರ್

ಮುಟ್ಟಲಿಲ್ಲ.

೨ ಜನವರಿ ೧೯೬೫

ಬರೆಯದೆ ಬಹಳ ದಿನವಾಯಿತು. ಬೆಳಗು ಪೂರ್ತಿ ಹಿತ್ತಲಿಗೇ ಹೋಗುತ್ತದೆ. ಇವರ ಉಸಿರು ಕೇಳಿಯೇ ತಿಳಿಯುತ್ತದೆ ಈಗ — ಇದು ಏರುತ್ತದೆ, ಇದು ಕಷ್ಟ. ಮಾತೂ ಬಂದಿದೆ ಇವರಿಗೆ. ಜೈನಾಪುರದ ಸೋದರಮಾವನ ಮನೆಯಲ್ಲಿ ಹುಡುಗನಾಗಿದ್ದಾಗ ಬಾವಿಗೆ ಬಿದ್ದದ್ದು, ಅಂದಿನಿಂದ ಅಂಗಾತ ಮಲಗಲು ಅಂಜುತ್ತಿದ್ದದ್ದು ಹೇಳಿದರು. ಬೆಂಚಿಗೆ ಬಂದದ್ದೇ ಆ ಅಂಜಿಕೆ ಕಳೆಯಲಿಕ್ಕಂತೆ. ಇಸ್ಮಾಯಿಲ ಬಿಟ್ಟರೆ ಯಾರಿಗೂ ಗೊತ್ತಿಲ್ಲವಂತೆ.

ಇಂದು ತೊಂಬತ್ತು ಕಿಲೋ. ಏರಿತು, ನಿಂತಿತು, ಕಾದೆ. ಇಳಿಯತೊಡಗಿತು. ಹಿಡಿದೆ. ಆದರೆ ಭಾರ! ಭುಜ ಕಿತ್ತು ಬಂದ ಹಾಗಾಯಿತು. ಸಲಾಕೆ ಎದೆಯ ಮೇಲೆ ಕೂತಿತು. ಇವರಿಂದ ಉಸಿರು ಹೊರಡಲಿಲ್ಲ.

"ಅತ್ತೀ!"

ದನದ ಕೊಟ್ಟಿಗೆಯಿಂದ ಓಡಿ ಬಂದರು, ಸಗಣಿ ಕೈಯಲ್ಲೇ. "ಆ ಕಡೆ ಹಿಡಿ ಬೇ! ಏನ ನೋಡ್ಕೋತ ನಿಂತಿ!" ಒಂದು ತುದಿ ಅವರು, ಒಂದು ತುದಿ ನಾನು, ಕೆಳಗಿನಿಂದ ಇವರು. ಸಲಾಕೆ ಬೆಂಚಿನ ಗೂಟದ ಮೇಲೆ ಕೂತಿತು.

ಇವರು ಕೆಮ್ಮಿದರು, ಆಮೇಲೆ ಉಸಿರೆಳೆದರು. ನಾನು ಅಲ್ಲೇ ಕೂತುಬಿಟ್ಟೆ.

ಅತ್ತೆ ಮಗನ ಎದೆ ಮುಟ್ಟಿ ನೋಡಿದರು. ಆಮೇಲೆ ತಮ್ಮ ಕೈ ನೋಡಿಕೊಂಡರು. "ಹರೇದಾಗ ಜ್ವಾಳದ ಚೀಲ ಒಬ್ಬಾಕೀನ ಹೊತ್ತೀನಿ. ಇದೇನ ಮಹಾ," ಅಂದರು. ಯಾರಿಗೂ ಅಲ್ಲ, ಆ ಗಳಿಗೆಗೆ ಕೈಮುಗಿಯಬೇಕೆನಿಸಿತು ನನಗೆ.

೧೬ ಜನವರಿ

ಇಸ್ಮಾಯಿಲಣ್ಣನ ಕೈ ವಾಸಿಯಾಯಿತು. ಬಂದ. ನಾನು ಒಲೆಯ ಮುಂದೆ. ಒಳ್ಳೆಯದೇ ಆಯಿತು... ರೊಟ್ಟಿ ಬಡಿಯುತ್ತ ಸದ್ದು ಕೇಳುತ್ತಿದ್ದೆ. ಈ ಕೈಗಳನ್ನು ಏನು ಮಾಡಬೇಕೋ ತಿಳಿಯಲಿಲ್ಲ.

೨೬ ಜನವರಿ, ಸಂಜೆ

ತಿಕೋಟಾದಿಂದ ಈಗ ಬಂದೆವು. ಬಿಸಿಲು, ಧೂಳು, ಜನವೋ ಜನ. ಹೆಂಗಸರ ಸಾಲಿನಲ್ಲಿ ನಾನು, ಅತ್ತೆ.

ನೂರು ಕಿಲೋ. ಎದೆಗೆ ಇಳಿಯಿತು. ಮೇಲೆದ್ದಿತು. ನಡುವೆ ನಿಂತುಬಿಟ್ಟಿತು.

"ಹಿಡೀಲೇ ಇಸ್ಮಾಯಿಲಾ! ಸಾಯ್ತಾನ ಅಂವ!" ಮೈದಾನ ಕೂಗಿತು. ಇಸ್ಮಾಯಿಲಣ್ಣ ಹಿಡಿಯಲಿಲ್ಲ. ಸಲಾಕೆಯ ಕೆಳಗೆ ಅವನ ಬೆರಳು ಬಿಚ್ಚಿಕೊಂಡು ನಿಂತಿದ್ದವು, ಒಂದು ಹೊಸ ಚರ್ಮದ ಕೈ, ಒಂದು ಹಳೆಯದು. ಮುಟ್ಟಲಿಲ್ಲ, ದೂರವೂ ಸರಿಯಲಿಲ್ಲ. ಜಗತ್ತೇ ಬೈಯುತ್ತಿದ್ದರೂ ಒಬ್ಬ ಮನುಷ್ಯ ಹಾಗೆ ನಿಲ್ಲಬಲ್ಲ. ನೋಡಿದರೆ ನನ್ನ ಕೈಗಳೂ ಎದ್ದು ಗಾಳಿಯಲ್ಲಿವೆ. ಪಕ್ಕದಲ್ಲಿ ಅತ್ತೆಯವೂ.

ಏರಿತು.

ಜನ ಇವರನ್ನು ಹೆಗಲ ಮೇಲೆ ಹೊತ್ತರು. ಇಸ್ಮಾಯಿಲಣ್ಣ ಬಿಲ್ಲೆ ಕಳಚುತ್ತಿದ್ದ. ಅಂಗಿ ಪೂರ್ತಿ ತೊಯ್ದಿತ್ತು, ಎತ್ತಿದವನು ತಾನೇ ಎಂಬಂತೆ.

ಬಸ್ಸಿನಲ್ಲಿ ಇವರು ಕೇಳಿದರು, "ಹೆಂಗಿತ್ತು?"

"ನಿಮ್ಮನ್ನ ನಾ ನೋಡಲೇ ಇಲ್ರಿ. ಇಸ್ಮಾಯಿಲಣ್ಣನ ಕೈ ನೋಡಾಕತ್ತಿದ್ದೆ."

ಇವರು ನಕ್ಕರು. ಮುಂದಿನ ಸೀಟಿನಲ್ಲಿದ್ದ ಇಸ್ಮಾಯಿಲಣ್ಣ ತಿರುಗಲಿಲ್ಲ. ಅವನ ಕಿವಿ ಕೆಂಪಾದದ್ದು ಕಂಡಿತು.

ಮನೆಗೆ ಬಂದು ಇವರಿಗೂ ಇಸ್ಮಾಯಿಲಣ್ಣನಿಗೂ ಚಹಾ ಕೊಟ್ಟೆ. ಹಿತ್ತಲ ಬಾಗಿಲು ಹಾಕುತ್ತ ಅತ್ತೆ ಕೇಳಿದರು, "ನಾಳೆ ಮುಂಜಾನೆ ಇಲ್ಲಿ ಯಾರು ನಿಲ್ಲಾವ್ರು? ಈಗ ಹೇಳಿಬಿಡ್ರಿ, ನಾ ಸಗಣಿ ಕೆಲಸ ಲಗೂ ಮುಗಿಸ್ಕೋತೀನಿ."

ಇಸ್ಮಾಯಿಲಣ್ಣ ಇವರನ್ನು ನೋಡಿದ. ಇವರು ನನ್ನನ್ನು ನೋಡಿದರು. ನಾನು ಚಹಾದ ಬಸಿ ಕೆಳಗಿಟ್ಟು ಸೆರಗು ಸಿಕ್ಕಿಸಿದೆ.