ಒಂಬತ್ತು ಸೆಂಟಿಮೀಟರ್

ಭಾನುವಾರ, ಬೆಳಿಗ್ಗೆ ಹತ್ತು ಗಂಟೆ

ಪಟ್ಟಿ ಕಳಿಸಿದವರಿಗೆ ನಮಸ್ಕಾರ.

‘ಏನ್ರೀ’ ಎಂದು ಶುರುಮಾಡಿ ಹೊಡೆದುಹಾಕಿದೆ. ಇಪ್ಪತ್ತಾರು ವರ್ಷ ಹಾಗೇ ಕರೆದಿದ್ದೆ, ನಿಜ. ಆದರೆ ಹದಿನಾಲ್ಕು ತಿಂಗಳು ಕರೆಯದೆ ಇದ್ದ ಮೇಲೆ ಅದು ಕಾಗದದ ಮೇಲೆ ಬೇರೆ ಯಾರದೋ ಮಾತಿನಂತೆ ಕಂಡಿತು.

ನಿಮ್ಮ ಮಗಳು ಗುಬ್ಬಿಯ ಕೈಯಲ್ಲಿ ಕೊಟ್ಟುಕಳಿಸಿದ ಪಟ್ಟಿ ತಲುಪಿತು. ಉಪಕಾರವಾಯಿತು. ನಾಲ್ಕು ಸಲ ಓದಿದೆ. ನನಗೆ ಅನುಮಾನವಿದೆ.

ನಾನು ಕೇಳಿದ್ದೇನೆಂದು ಮೊದಲು ನೆನಪಿಸುತ್ತೇನೆ. ಹಳೆಯ ಪ್ಲೇಯರ್ ಕೆಟ್ಟಿದೆ. ಟೀವಿಗೆ ಜೋಡಿಸಿ ಸಿನಿಮಾ ನೋಡಲು ಒಂದು ಸಣ್ಣ ಕಂಪ್ಯೂಟರ್ ಬೇಕು, ಯಾವ ಯಾವ ಬಿಡಿಭಾಗ ಕೊಳ್ಳಬೇಕೋ ಬರೆದುಕೊಡಿ. ನೋಡುವವಳು ನಾನೊಬ್ಬಳೇ. ಟೀವಿಯ ಕೆಳಗಿನ ಖಾನೆಯ ಎತ್ತರ ಒಂಬತ್ತು ಸೆಂಟಿಮೀಟರ್. ಇಷ್ಟೇ. ಬನ್ನಿ ಎಂದು ಆ ಚೀಟಿಯಲ್ಲಿ ಎಲ್ಲೂ ಇರಲಿಲ್ಲ.

ಕರಡನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದುವುದು ನನ್ನ ಕೆಲಸದ ಅಭ್ಯಾಸ. ನಿಮಗೆ ಗೊತ್ತಿದ್ದದ್ದೇ. ಅರ್ಥ ಹಿಡಿದು ಓದಿದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ಪಟ್ಟಿಯನ್ನೂ ಹಾಗೇ ಓದಿದೆ. ಕೊನೆಯ ಸಾಲು: ರಿಮೋಟ್, ಎರಡು. ಒಬ್ಬಳಿಗೆ ಎರಡು ರಿಮೋಟ್ ಏಕೆ? ಒಂದು ಕಳೆದುಹೋದರೆ ಇನ್ನೊಂದು ಇರಲಿ ಎಂದು ನೀವು ವಾದಿಸಬಹುದು. ವಸ್ತು ಕಳೆಯುವವಳು ನಾನಲ್ಲ.

ಅದರ ಮೇಲಿನದು ಪವರ್ ಸಪ್ಲೈ. ‘ಫ್ಯಾನ್ ಇಲ್ಲದ್ದೇ ಆಗಬೇಕು’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೀರಿ. ಗುಂಯ್ ಎನ್ನುವ ಸದ್ದಿಗೆ ನಿದ್ದೆಗೆಡುವವರು ನೀವು. ಸ್ಟುಡಿಯೋದಲ್ಲಿ ದಿನವಿಡೀ ಹಾಡು ರೆಕಾರ್ಡ್ ಮಾಡಿ ಮನೆಗೆ ಬಂದವರೇ ಫ್ರಿಜ್ಜಿನ ಹಿಂದೆ ಕಿವಿಯಿಟ್ಟು ನಿಲ್ಲುತ್ತಿದ್ದವರು ನೀವು. ನಾನು ಸಿನಿಮಾ ನೋಡುವುದೇ ಕೆಳಗಿನ ಅಕ್ಷರ ಓದುತ್ತಾ. ಸದ್ದು ನನಗೆ ಎರಡನೆಯದು.

ಅದಕ್ಕೂ ಮೇಲಿನ ಸಾಲು ನೋಡಿ: ‘ಮದರ್‌ಬೋರ್ಡ್ - ಆಂಪ್ಲಿಫೈಯರ್‌ಗೆ ಹೋಗುವ ಡಿಜಿಟಲ್ ಔಟ್ ಇರುವಂಥದ್ದು.’ ಯಾವ ಆಂಪ್ಲಿಫೈಯರ್? ಈ ಮನೆಯಲ್ಲಿ ಉಳಿದಿರುವುದು ಗೋಡೆಯ ಮೇಲಿನ ನಾಲ್ಕು ಸ್ಪೀಕರ್ ಮಾತ್ರ. ಆಂಪ್ಲಿಫೈಯರನ್ನು ಬೆಡ್‌ಶೀಟಿನಲ್ಲಿ ಸುತ್ತಿ ಸ್ಟುಡಿಯೋದ ಮೇಲಿನ ಕೋಣೆಗೆ ಒಯ್ದದ್ದು ನಾನಲ್ಲ. ಅನುವಾದದ ದಪ್ಪ ಕಾದಂಬರಿಗಳಲ್ಲಿ ಹೆಂಡತಿಯರು ಗಂಡನ ಕೋಟಿನ ಜೇಬು ಹುಡುಕುತ್ತಾರೆ. ನನ್ನ ಪಾಲಿಗೆ ಬಂದದ್ದು ಈ ಪಟ್ಟಿ.

ಗುಬ್ಬಿಯ ಮೇಲೂ ಅನುಮಾನವಿದೆ. ಬರೆಯುವಾಗ ಅಪ್ಪ ಏನಾದರೂ ಹೇಳಿದರೇ ಎಂದು ಕೇಳಿದೆ. “ಎಲ್ಲಾ ಪಟ್ಟಿಲೇ ಇದೆ ಅಂದ್ರು” ಎಂದಳು. ಮತ್ತೆ ಕೇಳಿದ್ದಕ್ಕೆ, “ಅಮ್ಮಾ, ನಿಂಗೆ ಪಿಕ್ಚರ್ ನೋಡೋಕೆ ಕಂಪ್ಯೂಟರ್ ಬೇಕೋ, ಅಪ್ಪನ ಮೇಲೆ ಕೇಸ್ ಹಾಕೋಕೆ ಸಾಕ್ಷಿ ಬೇಕೋ?” ಎಂದು ನಕ್ಕಳು. ಅವಳು ನಿಮ್ಮ ಹಾಗೆ ನಗುತ್ತಾಳೆ, ತುಟಿ ತೆರೆಯದೆ. ನಂಬುವುದು ಕಷ್ಟ.

ನಿನ್ನೆ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಕನ್ನಡಕವನ್ನು ಹಣೆಯಿಂದ ಇಳಿಸಿ ಪಟ್ಟಿ ಓದಿದರು. “ಯಾರು ಮೇಡಂ ಬರೆದಿದ್ದು? ತಿಳಿದೋರೇ ಬರ್ದಿದ್ದಾರೆ” ಎಂದರು. ನಾನು ಪರಿಚಯದವರು ಎಂದೆ. ಆಮೇಲೆ ಅವರ ಬೆರಳು ಒಂದು ಕಡೆ ನಿಂತಿತು. “ಇದೇನ್ ಮೇಡಂ? ಕ್ಯಾಬಿನೆಟ್ ಎಂಟೂವರೆ ಸೆಂಟಿಮೀಟರ್ ಎತ್ತರ. ಒಳಗಿಡೋ ಕೂಲರ್ ಹನ್ನೆರಡೂವರೆ! ಇದಕ್ಕೆ ಮುಚ್ಚಳ ಕೂರಲ್ಲ, ಟೋಪಿನೇ ಹಾಕ್ಬೇಕು.” ಯಾರು ಯಾರಿಗೆ ಟೋಪಿ ಹಾಕುತ್ತಿದ್ದಾರೆ ಎಂಬುದೇ ನನ್ನ ಯೋಚನೆಯಾಗಿತ್ತು. ಪ್ರೊಸೆಸರ್ ಬಿಸಿಯಾಗದಂತೆ ಅದರ ತಲೆಯ ಮೇಲೆ ಕೂರುವ ತಗಡಿನ ಗೋಪುರವಂತೆ ಅದು. ಒಂದೋ ಅದು ಗಿಡ್ಡವಾಗಬೇಕು, ಇಲ್ಲ ಕ್ಯಾಬಿನೆಟ್ ಎಂಬ ಕಂಪ್ಯೂಟರಿನ ಹೊರಪೆಟ್ಟಿಗೆ ಎತ್ತರವಾಗಬೇಕು.

“ಖಾನೆ ಅಳತೆ ಸರಿಯಾಗ್ ಗೊತ್ತಾ ನಿಮ್ಗೆ?” ಎಂದು ಕೇಳಿದರು. ಗೊತ್ತು ಎಂದೆ. “ಹಾಗಾದ್ರೆ ಬರ್ದೋರಿಗೇ ಒಂದು ಫೋನ್ ಹಾಕ್ಬಿಡಿ, ಎರಡ್ ನಿಮಿಷದ್ ಕೆಲ್ಸ.” ಎರಡು ನಿಮಿಷದ ಕೆಲಸವೇ ಆಗಿದ್ದರೆ ಹದಿನಾಲ್ಕು ತಿಂಗಳು ಏಕೆ ಹಿಡಿಯಿತೆಂದು ಅವರಿಗೆ ಹೇಳಲಿಲ್ಲ. ಬರಿಗೈಯಲ್ಲಿ ಮನೆಗೆ ಬಂದೆ.

ನಿಮ್ಮ ಅಳತೆ ತಪ್ಪಿದ್ದನ್ನು ನಾನು ಕಂಡಿಲ್ಲ. ಮೈಕನ್ನು ಹಾಡುವವರ ಬಾಯಿಂದ ಎಷ್ಟು ದೂರ ಇಡಬೇಕೆಂದು ಗೇಣು ಹಾಕಿ ನೋಡುವವರು ನಾಲ್ಕು ಸೆಂಟಿಮೀಟರ್ ಮರೆಯುವುದಿಲ್ಲ. ಆದ್ದರಿಂದ ಇದು ಬೇಕೆಂದೇ ಮಾಡಿದ್ದು. ಕೂಡದ ಎರಡು ಭಾಗ ಬರೆದರೆ ನಾನು ತಬ್ಬಿಬ್ಬಾಗಿ ನಿಮ್ಮನ್ನೇ ಕರೆಯುತ್ತೇನೆ ಎಂಬ ಲೆಕ್ಕಾಚಾರ. ಅಥವಾ, ಇದು ಇನ್ನೂ ಕೆಟ್ಟದ್ದು, ಎಲ್ಲದರಲ್ಲೂ ತಪ್ಪು ಹುಡುಕುವವಳಿಗೆ ಒಂದು ತಪ್ಪು ಕೊಟ್ಟು ಗೇಲಿ ಮಾಡುವುದು. ಅಂದು ಊಟಕ್ಕೆ ಬಂದವರ ಮುಂದೆ ನೀವು ಹೇಳುತ್ತಿದ್ದ ಕಥೆಯನ್ನು ನಾನು ಮೂರು ಕಡೆ ತಿದ್ದಿದೆ, ನಿಜ. ಇಸವಿ ತಪ್ಪಿತ್ತು, ತಿದ್ದಿದೆ. “ನೀನು ಮನುಷ್ಯರನ್ನೂ ಕರಡು ಅಂದ್ಕೊಂಡಿದ್ದೀಯ” ಎಂದು ಹೇಳಿ ಮರುದಿನ ಹೊರಟಿರಿ. ಯಾವಾಗ ಬರುತ್ತೀರೆಂದು ನೀವು ಹೇಳಲಿಲ್ಲ, ನಾನು ಕೇಳಲಿಲ್ಲ.

ಈಗ ಕೇಳುತ್ತಿದ್ದೇನೆ, ಕೂಲರಿನ ವಿಷಯ ಮಾತ್ರ. ಮರೆತು ಬರೆದದ್ದೋ, ಬೇಕೆಂದು ಬರೆದದ್ದೋ? ಹಿತ್ತಲ ಬಾಗಿಲಿನಿಂದ ಬರುವ ಯೋಚನೆಯಿದ್ದರೆ ನೇರವಾಗಿ ಹೇಳಿ. ನನಗೆ ಸುತ್ತುಬಳಸು ಆಗುವುದಿಲ್ಲ.

ಇಂತಿ,
ಒಂದೇ ರಿಮೋಟ್ ಸಾಕಾದವಳು

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಅಳತೆಯ ಟೇಪ್ ಹಿಡಿದು ಖಾನೆಯ ಮುಂದೆ ಕೂತೆ. ಮೇಲಿನ ಹಲಗೆಯ ಅಡಿಯಲ್ಲಿ ಪೆನ್ಸಿಲಿನಲ್ಲಿ ನಿಮ್ಮ ಅಕ್ಷರ ಇದೆ: ‘೨೨ ಸೆಂ.ಮೀ. ಮೂರು ಸಲ ಅಳೆದದ್ದು.’ ಆ ಖಾನೆಯನ್ನು ಮಾಡಿಸುವಾಗ ಬಡಗಿಯ ಪಕ್ಕ ನೀವೇ ನಿಂತಿದ್ದಿರಿ. ನನಗದು ಮರೆತೇಹೋಗಿತ್ತು. ಒಂಬತ್ತು ಎಂದು ನಾನು ಬರೆದದ್ದು ಸುಳ್ಳು. ‘ಅಷ್ಟರಲ್ಲಿ ಏನೂ ಹಿಡಿಸುವುದಿಲ್ಲ, ನಾನೇ ಬಂದು ನೋಡುತ್ತೇನೆ’ ಎಂದು ನೀವು ಹೇಳಬಹುದೆಂದುಕೊಂಡಿದ್ದೆ. ನೀವು ಕ್ಯಾಬಿನೆಟ್ಟನ್ನು ನನ್ನ ಒಂಬತ್ತರ ಮಾತಿಗೆ ಆರಿಸಿದಿರಿ, ಕೂಲರನ್ನು ನಮ್ಮ ಇಪ್ಪತ್ತೆರಡರ ಖಾನೆಗೆ. ನನ್ನ ತಪ್ಪು ಕಂಡೂ ತಿದ್ದದೆ ಹಾಗೇ ಬಿಟ್ಟಿರಿ. ಅಂದು ಊಟಕ್ಕೆ ಬಂದವರ ಮುಂದೆ ನನಗೆ ಅಷ್ಟು ಮಾಡಲು ಆಗಲಿಲ್ಲ.

ಬರಿಗೈಯಲ್ಲಿ ಬಂದೆ ಎಂದದ್ದೂ ಸರಿಯಲ್ಲ. ರಿಮೋಟ್ ಎರಡನ್ನೂ ನಿನ್ನೆಯೇ ಕೊಂಡೆ. ಆಂಪ್ಲಿಫೈಯರ್ ಭಾರ, ಗುಬ್ಬಿ ಒಂದು ಬದಿ ಹಿಡಿದುಕೊಳ್ಳಲಿ. ನಿಧಾನವಾಗಿ ಬನ್ನಿ, ಏನ್ರೀ.