ದಪ್ಪ ಅಕ್ಷರದ ಬಾಳು

ಡಿಸೆಂಬರ್ 3, ಮಂಗಳವಾರ

ಇವತ್ತೂ ಪ್ರಿಂಟ್ ಪ್ರಿವ್ಯೂ ಮಾನ ಉಳಿಸಿತು. ಕಿವಿ ಚುಚ್ಚುವ ಶಾಸ್ತ್ರದ ಆಮಂತ್ರಣ ಪತ್ರಿಕೆ. ಮಗುವಿನ ಸೋದರಮಾವ ಎರಡನೇ ಪುಟಕ್ಕೆ ಜಾರಿ ಒಬ್ಬನೇ ನಿಂತಿದ್ದ. ಹಾಗೇ ಅಚ್ಚಾಗಿದ್ದರೆ ಊಟದ ಪಂಕ್ತಿಯಲ್ಲೇ ಜಗಳ! ಟೈಪ್ ಮಾಡುವಾಗ ಕಾಣಲಿಲ್ಲ. ಪ್ರಿವ್ಯೂ ತೆಗೆದೆ — ಇಡೀ ಹಾಳೆ ಎದುರಿಗೆ. ಮಾರ್ಜಿನ್ ಸರಿಸಿದೆ, ಮಾವ ಮನೆಯವರ ಜೊತೆ ಸೇರಿಕೊಂಡ. ಇದನ್ನು ಕಂಡುಹಿಡಿದವರ ಹೊಟ್ಟೆ ತಣ್ಣಗಿರಲಿ. ನಮ್ಮ ಟೈಪಿಂಗ್ ಅಂಗಡಿಯ ಮಾಲೀಕರು ಮುನಿರಾಜಣ್ಣ ಮಾತ್ರ, "ಎಷ್ಟೊತ್ತು ನೋಡ್ತೀಯಮ್ಮ, ಪ್ರಿಂಟ್ ಕೊಡು" ಎಂದು ಗೊಣಗುತ್ತಾರೆ. ಗೊಣಗಲಿ.

ಕನ್ನಡದಲ್ಲಿ ಬರೆಯುವುದು ಹಾಯಾಗಿದೆ. ಕೊಳ್ಳೇಗಾಲದಿಂದ ತಮಿಳುನಾಡಿನ ತಾರಮಂಗಲಕ್ಕೆ ಸೊಸೆಯಾಗಿ ಬಂದವಳು ನಾನು. ಈ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಓದಲು ಒಬ್ಬರಿಗೂ ಬರದು. ಏನು ಬೇಕಾದರೂ ಬರೆಯಬಹುದು. ಮಾಲೀಕರ ಮೂಗು ಬದನೆಕಾಯಿ. ಬರೆದೇ ಬಿಟ್ಟೆ.

ಡಿಸೆಂಬರ್ 15, ಭಾನುವಾರ

ಅತ್ತೆಯ ಗಂಟಲ ಗಡ್ಡೆಗೆ ಆಪರೇಷನ್. ಸೇಲಂನಲ್ಲಿ, ಜನವರಿ ಎರಡಕ್ಕೆ. ದನಿ ಮೊದಲಿನಂತೆ ಉಳಿಯುತ್ತದೆಂದು ಡಾಕ್ಟರ್ ಮಾತು ಕೊಡಲಿಲ್ಲ. ತೈ ತಿಂಗಳಲ್ಲಿ, ಸಂಕ್ರಾಂತಿ ಕಳೆದ ಮೇಲೆ, ನಾದಿನಿ ಕಾರ್ತಿಕಾಳ ಮದುವೆ. ಅತ್ತೆ ಸಿದ್ದಲಕ್ಷ್ಮಮ್ಮನ ಸೋಬಾನೆ ಇಲ್ಲದೆ ನಮ್ಮ ನೇಕಾರರ ಬೀದಿಯಲ್ಲಿ ಒಂದು ಮದುವೆಯೂ ಆಗಿಲ್ಲ. ಈಗ ಸ್ವಂತ ಮಗಳಿಗೇ ಹಾಡಲಾಗದೆ...

ಅತ್ತೆ ಅಳಲಿಲ್ಲ. ಮಗ್ಗದಲ್ಲಿ ಕೂತೇ ಹೇಳಿದರು: "ಈಗ್ಲೇ ಆಡ್ತೀನಿ, ನೀನು ಟೈಪ್ ಮಾಡ್ಕೋ. ಉಡುಗೀರು ನೋಡ್ಕೊಂಡು ಆಡ್ಲಿ."

ಎಂಥ ಎದೆಗಾರಿಕೆ! ನಾನಾಗಿದ್ದರೆ ಮೂಲೆ ಹಿಡಿದು ಮಲಗುತ್ತಿದ್ದೆ. ಬೀದಿಯ ಹುಡುಗಿಯರಿಗೆ ಬರುವುದು ತಮಿಳು ಅಕ್ಷರ. ಹಾಗಾಗಿ ಹಾಡು ಕನ್ನಡ, ಅಕ್ಷರ ತಮಿಳು.

ಡಿಸೆಂಬರ್ 29, ಭಾನುವಾರ, ಸಂಜೆ



ಅತ್ತೆ, ಕಾರ್ತಿಕಾ ಇಬ್ಬರನ್ನೂ ಅಂಗಡಿಗೆ ಕರೆದೊಯ್ದಿದ್ದೆ. ಹಾಡಿನ ಹಾಳೆಯ ಪ್ರಿವ್ಯೂ ತೋರಿಸಿದೆ.

"ಕಾಗದಕ್ಕೆ ಬರೋ ಮುಂಚೆ ಹೆಂಗೆ ಕಾಣುತ್ತೆ ಅಂತ ನೋಡೋದು ಅತ್ತೆ."

"ಎಣ್ಣು ನೋಡೋ ಶಾಸ್ತ್ರ ಅನ್ನು," ಎಂದರು. ನಕ್ಕೆವು.

ಪುಟ ಚೆಂದವಿತ್ತು. ಸುತ್ತ ಸೀರೆಯಂಚಿನ ಬಾರ್ಡರ್. ನನ್ನ ಕಣ್ಣಿಗೆ ಒಂದು ತಪ್ಪೂ ಇಲ್ಲ. ಇನ್ನೇನು ಪ್ರಿಂಟ್ ಒತ್ತಬೇಕು, ಕಾರ್ತಿಕಾ ಸುಮ್ಮನೆ ಪರದೆ ನೋಡಿ ಓದತೊಡಗಿದಳು. "ಪಾಳು ಮಗಳೇ, ಪಾಳು..."

ಅತ್ತೆಯ ಮುಖ ಕಪ್ಪಿಟ್ಟಿತು. "ಏನಂದೆ? ಬಾಯ್ ಮುಚ್ಚು!"

ಆಗ ಹೊಳೆಯಿತು. ತಮಿಳಿನಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ; ಕ, ಗಕ್ಕೂ ತ, ದಕ್ಕೂ ಹಾಗೇ. ಹಾಡು ಗೊತ್ತಿದ್ದ ನಾನು ಬಾಳು ಎಂದೇ ಓದಿಕೊಂಡಿದ್ದೆ. ಅಕ್ಷರವನ್ನಷ್ಟೇ ನೋಡಿ ಓದಿದವಳು ಪಾಳು ಎಂದಳು. ಹಸೆಮಣೆಯ ಮೇಲೆ ಕೂತವಳಿಗೆ ಚೆನ್ನಾಗಿ ಬಾಳು ಎಂದು ಹರಸುವ ಬದಲು ಹಾಳಾಗು ಎಂದು ಹುಡುಗಿಯರೆಲ್ಲ ಸೇರಿ... ಅದೂ ನನ್ನ ಕೈಯಿಂದ, ಬಾರ್ಡರ್ ಸಮೇತ!

"ಇನ್ನೂ ಅಚ್ಚಾಗಿಲ್ವಲ್ಲ?" ಅತ್ತೆ ಕೇಳಿದರು.

"ಇಲ್ಲ ಅತ್ತೆ, ಬರೀ ಪ್ರಿವ್ಯೂ."

"ಒಳ್ಳೇದಾಯ್ತು ಬುಡು."

ಕಾರ್ತಿಕಾಳೇ ದಾರಿ ತೋರಿಸಿದಳು. "ಅಣ್ಣಿ, 'ಬ' ಬರೋ ಕಡೆ ಮಟ್ಟುಂ, ಅಲ್ಲಿ ಮಾತ್ರ, ಬೋಲ್ಡ್ ಮಾಡಿ. ದಪ್ಪ ಇದ್ರೆ ದಪ್ಪಗೆ ಆಡೋದು. ಅವ್ವಳವುದಾನ್, ಅಷ್ಟೇ." ಅಬ್ಬಾ, ತಾಯಿಗೆ ತಕ್ಕ ಮಗಳು! ಬ, ಗ, ದ ಎಲ್ಲವನ್ನೂ ಹುಡುಕಿ ದಪ್ಪ ಮಾಡಿದೆ. ಮತ್ತೆ ಪ್ರಿವ್ಯೂ. ಮತ್ತೆ ಓದಿಸಿದೆ. "ಬಾಳು ಮಗಳೇ." ಅತ್ತೆ ಕಣ್ಣು ಮುಚ್ಚಿ ಕೇಳಿ ತಲೆಯಾಡಿಸಿದರು. ಆಮೇಲೆಯೇ ಪ್ರಿಂಟ್. ಮುನಿರಾಜಣ್ಣನೂ ಅವಸರ ಮಾಡಲಿಲ್ಲ.

ಜನವರಿ 9, ಗುರುವಾರ

ಅತ್ತೆ ಮನೆಗೆ ಬಂದರು. ದನಿ ಇಲ್ಲ. ಬಾಯಿ ತೆರೆದರೆ ಬರೀ ಗಾಳಿ. ಬರಬಹುದು, ಬಾರದಿರಬಹುದು ಅಂತಾರೆ ಡಾಕ್ಟರ್. ಅಷ್ಟಾದರೂ ಸಂಜೆ ಹುಡುಗಿಯರನ್ನು ಕೂರಿಸಿ ಹಾಡಿಸಿದರು. ತಪ್ಪಿದವರ ತೊಡೆಗೆ ಚಿವುಟು. ನನಗೂ ಒಂದು ಬಿತ್ತು. ಇಂಥವರ ಸೊಸೆ ಎನ್ನಲು ಹೆಮ್ಮೆ — ತೊಡೆ ಉರಿಯುತ್ತಿದ್ದರೂ.

ಫೆಬ್ರವರಿ 10, ಸೋಮವಾರ, ಮಧ್ಯಾಹ್ನ

ಗಂಡಿನ ಕಡೆಯ ವ್ಯಾನ್ ತೊಪ್ಪೂರು ಘಾಟಿಯ ಲಾರಿಗಳ ನಡುವೆ ಸಿಕ್ಕಿಕೊಂಡು ಎಲ್ಲರ ಜೀವ ತಿಂದಿತು. ಆದರೂ ಮುಹೂರ್ತ ತಪ್ಪಲಿಲ್ಲ. ಹುಡುಗಿಯರು ಹಾಳೆ ಹಿಡಿದು ಹಾಡಿದರು. ಶ್ರುತಿ ಆ ದೇವರಿಗೇ ಪ್ರೀತಿ. ಆದರೆ ಬಾಳು ಪ್ರತಿ ಸಲವೂ ಬಾಳೇ ಆಗಿತ್ತು. ಅತ್ತೆ ತಾಳ ಹಾಕುತ್ತಾ ಅತ್ತರು. ನಾನೂ ಅತ್ತೆ.

ಮಂಟಪದ ಹಿಂದಿನ ರೂಮಿನಲ್ಲಿ ಕೂತಿದ್ದೇನೆ. ಹುಡುಗಿಯರೆಲ್ಲ ಊಟಕ್ಕೆ ಹೋದರು. ಪಕ್ಕದ ರೂಮಿನಲ್ಲಿ ಕಾರ್ತಿಕಾ ಸೀರೆ ಬದಲಾಯಿಸುತ್ತಿದ್ದಾಳೆ, ಜೊತೆಗೆ ಅತ್ತೆ ಒಬ್ಬರೇ. ಗೋಡೆಯಾಚೆ ಏನೋ ಕೇಳಿಸುತ್ತಿದೆ. ಒಡಕಲು, ಎಣ್ಣೆ ಕಾಣದ ಮಗ್ಗದ ಹಾಗೆ. ಕಾರ್ತಿಕಾಳ ದನಿಯಲ್ಲ, ಅವಳು ಅಳುತ್ತಿದ್ದಾಳೆ. ಬಾಳು ಮಗಳೇ, ಬಾ—